ಇವತ್ತೇ ಐವತ್ತು ಸಾವಿರ ಕಟ್ಟಬೇಕಾ?

ಡೊಂಬಿವಲಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಮನೆಯವರಿಗೆ 69, ನನಗೆ 64. ಮಗ ನಮ್ಮಿಬ್ಬರನ್ನೂ ಯುರೋಪ್ ಟೂರಿಗೆ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಠಾಣೆಯ ಮಾಲಿನಲ್ಲಿ ಒಂದು ಟೂರ್ ಕಂಪನಿಯ ಸ್ಟಾಲ್ ಇತ್ತು. ಲಂಡನ್, ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ಇಟಲಿ, 12 ದಿನ. ಇವತ್ತೇ 50 ಸಾವಿರ ಕಟ್ಟಿದರೆ ರಿಯಾಯಿತಿ ಎಂದರು. ಇವರಿಗೆ ಮಂಡಿ ನೋವು, ಶುಗರ್ ಬೇರೆ. ಕಟ್ಟಬಹುದಾ? ಊಟದ ಗತಿ ಏನು? ಮನೆ ತುಪ್ಪ, ಪೇಡೆ ಒಯ್ಯಬಹುದಾ?”

ಅಕ್ಕಾ, ಖಂಡಿತ ಹೋಗಿ ಬನ್ನಿ. ಆದರೆ ಆ 50 ಸಾವಿರ ಇವತ್ತು ಕಟ್ಟಬೇಡಿ. ರಿಯಾಯಿತಿ ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ಗಣಪತಿ ಆಫರ್, ಆಮೇಲೆ ದೀಪಾವಳಿ ಆಫರ್, ಹೆಸರು ಬೇರೆ ಅಷ್ಟೆ. ಫ್ಲ್ಯಾಟ್ ಕೊಳ್ಳುವಾಗ ಕಾರ್ಪೆಟ್ ಏರಿಯಾ ಎಷ್ಟು, ಬಿಲ್ಟ್‌ಅಪ್ ಎಷ್ಟು ಎಂದು ಬಿಲ್ಡರನ ಜೀವ ತಿಂದಿರುತ್ತೀರಲ್ಲ, ಟೂರಿನ ಕಾಗದವನ್ನೂ ಹಾಗೇ ಓದಬೇಕು.

ನಾನು ಓದಿರಲಿಲ್ಲ. ನಮ್ಮ ಮೊದಲ ಟೂರಿನ ಕಾಗದದಲ್ಲಿ ‘ಲೂವ್ರ್ ಮ್ಯೂಸಿಯಂ’ ಎಂದು ದಪ್ಪ ಅಕ್ಷರದಲ್ಲಿತ್ತು. ಮೊನಾಲಿಸಾ ನೋಡುವ ದಿನ ಎಂದು ಹೆಂಡತಿ ಒಳ್ಳೆ ಸೀರೆ ಉಟ್ಟಿದ್ದಳು. ಕೋಚ್, ಅಂದರೆ ಟೂರಿನ ಬಸ್ಸು, ನದಿ ಪಕ್ಕದ ರಸ್ತೆಯಲ್ಲಿ ಹೋಗುತ್ತಿತ್ತು. ಮೈಕಿನಲ್ಲಿ “ಬಲಗಡೆ ನೋಡಿ, ಲೂವ್ರ್” ಎಂದರು. ನಾವು ಕತ್ತು ತಿರುಗಿಸುವಷ್ಟರಲ್ಲಿ ಪಕ್ಕಕ್ಕೆ ಇನ್ನೊಂದು ಬಸ್ಸು ಬಂತು. ಮುಗಿಯಿತು ಲೂವ್ರ್. ಜಗಳಕ್ಕೆ ಹೋದರೆ ಟೂರ್ ಮ್ಯಾನೇಜರ್ ಅದೇ ಕಾಗದ ತೆಗೆದು ತೋರಿಸಿದ. ಹೆಸರಿನ ಪಕ್ಕದಲ್ಲೇ, ಇರುವೆ ಸಾಲಿನ ಹಾಗೆ, ‘ಡ್ರೈವ್ ಪಾಸ್ಟ್’ ಎಂದಿತ್ತು.

ಹಾಗಂದರೆ ಕಿಟಕಿ ದರ್ಶನ. ‘ಫೋಟೊ ಸ್ಟಾಪ್’ ಅಂದರೆ ಇಳಿದು, ಫೋಟೊ ತೆಗೆದು, ಹತ್ತುವುದು. ಒಳಗೆ ಹೋಗಬೇಕಾದರೆ ಪ್ರವೇಶ ಟಿಕೆಟ್ ಸೇರಿದೆ ಎಂದೇ ಬರೆದಿರಬೇಕು. ಟಿಕೆಟ್ ಇದ್ದರೂ ಎಲ್ಲಿಯವರೆಗೆ ಎಂದು ಕೇಳಿ. ಐಫೆಲ್ ಗೋಪುರದ ಎರಡನೇ ಹಂತ 116 ಮೀಟರಿನಲ್ಲಿದೆ, ತುದಿ 276 ಮೀಟರಿನಲ್ಲಿ. ಎರಡಕ್ಕೂ ಟಿಕೆಟ್ ಬೇರೆ. ಹೋಟೆಲ್ ಊರಿನಿಂದ ಎಷ್ಟು ದೂರ ಎಂಬುದನ್ನೂ ಕೇಳಿ, ‘ಅಥವಾ ಸಮಾನ ಹೋಟೆಲ್’ ಎಂಬ ಮೂರು ಪದದಲ್ಲಿ ಇಡೀ ಹೊರವಲಯ ಅಡಗಿರುತ್ತದೆ.

ಇನ್ನು ದುಡ್ಡು. ಬೆಲೆಯನ್ನು ಒಂದಷ್ಟು ರೂಪಾಯಿಯಲ್ಲಿ, ಒಂದಷ್ಟು ಯೂರೋದಲ್ಲಿ ಹೇಳುವ ಪದ್ಧತಿ ನಮ್ಮಲ್ಲಿದೆ. ಆ ಯೂರೋಗೆ ಯಾವ ದಿನದ ದರ ಹಿಡಿಯುತ್ತಾರೆ ಕೇಳಿ. ಡ್ರೈವರ್, ಗೈಡ್ ಟಿಪ್ಸ್ ಬೇರೆಯಾ, ಸೇರಿದೆಯಾ? ಮೇಲೆ ಜಿಎಸ್‌ಟಿ. ಅದರ ಜೊತೆ ಟಿಸಿಎಸ್, ಅಂದರೆ ಕಂಪನಿಯವರು ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಇದು 2020ರ ಅಕ್ಟೋಬರಿನಿಂದ ಬಂದದ್ದು. ಇದರ ದರವನ್ನು ಬಜೆಟ್ಟಿನಲ್ಲಿ ಆಗಾಗ ಬದಲಾಯಿಸುತ್ತಿದ್ದಾರೆ, ಹಾಗಾಗಿ ಕಟ್ಟುವ ದಿನದ ದರ ಎಷ್ಟು ಎಂದು ವಿಚಾರಿಸಿ. ಈ ಟಿಸಿಎಸ್ ಹೋದ ದುಡ್ಡಲ್ಲ. ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ಲೆಕ್ಕಕ್ಕೆ ಜಮೆಯಾಗುತ್ತದೆ, ಅವರು ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಮಗ ಕೊಡುತ್ತಾನೆ ಎಂದಿರಲ್ಲ, ಯಾರ ಪ್ಯಾನ್ ಕೊಡುವುದು ಎಂದು ಮೊದಲೇ ನಿಮ್ಮ ಸಿಎಯನ್ನು ಕೇಳಿಕೊಳ್ಳಿ.

ನಿಮಗೆ ಎರಡು ವೀಸಾ ಬೇಕು. ಲಂಡನ್ನಿಗೆ ಒಂದು, ಉಳಿದ ಮೂರು ದೇಶಕ್ಕೂ ಸೇರಿ ಷೆಂಗೆನ್ ವೀಸಾ ಒಂದು. ಷೆಂಗೆನ್ ಅರ್ಜಿಯನ್ನು ಹೊರಡುವ 6 ತಿಂಗಳ ಮುಂಚಿನಿಂದ ಹಾಕಬಹುದು, ತೀರಾ ತಡ ಅಂದರೆ 15 ದಿನ ಮುಂಚೆ. ಬೇಸಿಗೆ ರಜೆಯ ಹೊತ್ತಿಗೆ ನೂಕುನುಗ್ಗಲು ಇರುತ್ತದೆ, ಬೇಗ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಕೊಡದಿದ್ದರೂ ವಾಪಸ್ ಬರುವುದಿಲ್ಲ. ಅಲ್ಲಿಂದ ಹೊರಟು ಬಂದ ಮೇಲೂ ಪಾಸ್‌ಪೋರ್ಟ್ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಕಂಪನಿಯನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಇಲ್ಲಿದೆ: ವೀಸಾ ಸಿಗದಿದ್ದರೆ ನಮ್ಮ ದುಡ್ಡಿನಲ್ಲಿ ಎಷ್ಟು ಹಿಡಿಯುತ್ತೀರಿ? “ನೋಡೋಣ ಮೇಡಂ” ಎಂದರೆ ಎದ್ದು ಬನ್ನಿ. ಉತ್ತರ ಈಮೇಲಿನಲ್ಲಿ ಬರಬೇಕು.

ನಮ್ಮ ಮುಂಬೈ ಕನ್ನಡಿಗರಿಗೆ ಇನ್ನೊಂದು ತಲೆನೋವಿದೆ. ಊರಿನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಇನಿಷಿಯಲ್, ಇಲ್ಲಿ ಮಾಡಿಸಿದ ಆಧಾರಿನಲ್ಲಿ ನಡುವೆ ಗಂಡನ ಹೆಸರು, ಬ್ಯಾಂಕಿನವರು ಕೊನೆಗೆ ಸೇರಿಸಿದ ಅಡ್ಡಹೆಸರು. ಟಿಕೆಟ್, ವೀಸಾ, ಇನ್ಶೂರೆನ್ಸ್ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಸ್ಟಾಲಿನ ಹುಡುಗನಿಗೆ ಹೆಸರನ್ನು ಬಾಯಲ್ಲಿ ಹೇಳಬೇಡಿ, ಪಾಸ್‌ಪೋರ್ಟಿನ ಫೋಟೊ ಕಳಿಸಿ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಕಂಪನಿಯವರೇ ಮಾಡಿಸುತ್ತಾರೆ ಎಂದು ಸುಮ್ನೆ ಇರಬೇಡಿ. ಮನೆಯವರ ಶುಗರ್ ವಿಷಯ ಮುಚ್ಚಿಡದೆ ಬರೆಸಿ, ಹಳೆಯ ಕಾಯಿಲೆಯಿಂದ ತೊಂದರೆಯಾದರೆ ಕೊಡುತ್ತಾರಾ ಎಂದು ಪಾಲಿಸಿಯಲ್ಲೇ ನೋಡಿ. ಮಾತ್ರೆಗಳು, ಡಾಕ್ಟರ ಚೀಟಿ ಎರಡೂ ಕೈಚೀಲದಲ್ಲಿರಲಿ, ಇನ್ಸುಲಿನ್ ಇದ್ದರಂತೂ ಲಗೇಜಿಗೆ ಹಾಕಲೇಬಾರದು.

ಮಂಡಿಯ ವಿಷಯ ನಿಜಕ್ಕೂ ಯೋಚಿಸಿ. ವೆನಿಸ್ ಊರೊಳಗೆ ಕೋಚ್ ಹೋಗುವುದಿಲ್ಲ. ದೋಣಿಯಿಂದ ಇಳಿದು ಕಾಲುನಡಿಗೆ, ಸೇತುವೆ ಸಿಕ್ಕಾಗಲೆಲ್ಲ ಮೆಟ್ಟಿಲು ಹತ್ತಿ ಇಳಿಯಬೇಕು. ಪ್ರತಿ ದಿನ ಎಷ್ಟು ನಡಿಗೆ ಎಂದು ಬರೆಸಿಕೊಂಡು, ಆಗದ ದಿನ ಇವರು ಎಲ್ಲಿ ಕೂತಿರಬಹುದು ಎಂದೂ ಕೇಳಿ. ಹೊಸ ಬೂಟು ಬೇಡ. ಇಲ್ಲೇ ಒಂದು ತಿಂಗಳು ಹಾಕಿಕೊಂಡು ಓಡಾಡಿದ್ದೇ ಸಾಕು.

ಕೋಚ್ ಟೈಮಿಗೆ ಸರಿಯಾಗಿ ಹೊರಡುತ್ತದೆ, ಮ್ಯಾನೇಜರ್ ಬೈಯುತ್ತಾನೆ. ಅದು ಅವನ ದರ್ಪ ಅಲ್ಲ. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ, ಗಾಡಿಯಲ್ಲಿರುವ ಯಂತ್ರ ಎಲ್ಲ ಬರೆದಿಡುತ್ತದೆ. ಬೆಳಗ್ಗೆ ಯಾರೋ ಇಬ್ಬರು ಅರ್ಧ ಗಂಟೆ ಶಾಪಿಂಗ್ ಮಾಡಿದರೆ ಸಂಜೆ ಎಲ್ಲರ ಒಂದು ಜಾಗ ಹೋಯಿತು ಅಂತಲೇ ಲೆಕ್ಕ. ಸೀಟು ದಿನಾ ಬದಲಾಗುವ ಪದ್ಧತಿ ಇದೆಯಾ ಕೇಳಿ. ಲೋಕಲಿನಲ್ಲಿ ನಾಲ್ಕನೇ ಸೀಟಿನ ಅಂಚಿಗೆ ಕೂತು ಬೆಳೆದವರು ನಾವು, ಅಲ್ಲಿ ಕಿಟಕಿಗಾಗಿ ಮಾಡುವ ಜಗಳ ನೋಡಲಾಗುವುದಿಲ್ಲ.

ಊಟಕ್ಕೆ ಹೆದರಬೇಡಿ, ಮುಂಬೈಯಿಂದ ಹೊರಡುವ ಟೂರಿನಲ್ಲಿ ಜೈನ ಊಟವೂ ಸಿಗುತ್ತದೆ. ಆದರೆ ರಾತ್ರಿ ಬಹುತೇಕ ಅದೇ ಪಂಜಾಬಿ ಗ್ರೇವಿ. ಊಟ ತಡವಾದರೆ ಇವರಿಗೆ ಕಷ್ಟ, ಕಡಲೆ, ಖಾಕ್ರಾ ಜೇಬಲ್ಲಿ ಇರಲಿ.

ತುಪ್ಪ, ಪೇಡೆ ಮಾತ್ರ ಬೇಡ ಅಕ್ಕಾ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಕಸ್ಟಮ್ಸ್‌ನವರು ಹಿಡಿದರೆ ನಿಮ್ಮ ಮನೆ ತುಪ್ಪ ಅಲ್ಲೇ ಕಸದ ಬುಟ್ಟಿಗೆ. ಉಪ್ಪಿನಕಾಯಿಯನ್ನು ಚೆನ್ನಾಗಿ ಸುತ್ತಿ ದೊಡ್ಡ ಲಗೇಜಿಗೆ ಹಾಕಿ. ಚಟ್ನಿಪುಡಿ ಎರಡು ಡಬ್ಬಿ ಮಾಡಿಕೊಳ್ಳಿ. ಒಂದನ್ನು ಹಿಂದಿನ ಸೀಟಿನ ಗುಜರಾತಿ ಅಜ್ಜಿಯೇ ಖಾಲಿ ಮಾಡುತ್ತಾರೆ, ಬದಲಿಗೆ ಥೇಪ್ಲಾ ಸಿಗುತ್ತದೆ.