18 ಸಾಕೇ, 21 ಬೇಕೇ? ಒಬ್ಬರೇ ಕ್ರೂಸ್ ಹಡಗು ಹತ್ತುವ ವಯಸ್ಸಿನ ಬಗ್ಗೆ

ನಿಮಗೆ ಈಗ 19 ವರ್ಷ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೀರಿ, ಬರುವ ರಜೆಯಲ್ಲಿ ಒಬ್ಬರೇ ಕ್ರೂಸ್ ಹಡಗಿನಲ್ಲಿ ಮೂರು ನಾಲ್ಕು ರಾತ್ರಿಯ ಪ್ರವಾಸ ಹೋಗಿಬರಬೇಕೆಂದಿದ್ದೀರಿ. 18 ತುಂಬಿದ್ದರೆ ಯಾರೂ ಕೇಳುವುದಿಲ್ಲ ಎಂದು ನಿಮ್ಮ ಅಣ್ಣ ಹೇಳುತ್ತಿದ್ದಾರೆ, 21 ತುಂಬದವರನ್ನು ಹಡಗಿಗೆ ಹತ್ತಿಸಿಕೊಳ್ಳುವುದೇ ಇಲ್ಲ ಎಂದು ನಿಮ್ಮ ತಂದೆಯವರು ಎಲ್ಲೋ ಓದಿದ್ದಾರೆ, ಇಬ್ಬರಲ್ಲಿ ಯಾರ ಮಾತು ಸರಿ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಪ್ರವಾಸದ ಟಿಕೆಟ್ ಮತ್ತು ವೀಸಾ ಕೆಲಸ ಮಾಡಿಕೊಂಡಿರುವವನಾಗಿ ಹೇಳುವುದಾದರೆ, ಇಬ್ಬರ ಮಾತೂ ಸರಿಯೇ. ಆದರೆ ಅವರು ಹೇಳುತ್ತಿರುವುದು ಬೇರೆ ಬೇರೆ ಬಂದರುಗಳಿಂದ ಹೊರಡುವ ಹಡಗುಗಳ ಮಾತು. ಯಾವ ಕಂಪನಿ, ಯಾವ ಬಂದರು, ಹಡಗು ಹೊರಡುವ ದಿನಕ್ಕೆ ನಿಮಗೆ ತುಂಬಿರುವ ವಯಸ್ಸು ಎಷ್ಟು ಎಂಬ ಮೂರು ಸಂಗತಿಗಳು ಗೊತ್ತಾಗುವ ತನಕ ಯಾರೂ ನಿಮಗೆ ಖಚಿತ ಉತ್ತರ ಕೊಡಲಾರರು.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ 1875ರ ಪ್ರಾಪ್ತವಯಸ್ಸಿನ ಕಾಯ್ದೆಯ ಪ್ರಕಾರ 18 ತುಂಬಿದವರು ವಯಸ್ಕರು, ಅಂಥವರು ತಮ್ಮ ಹೆಸರಿನಲ್ಲಿ ತಾವೇ ಒಪ್ಪಂದ ಮಾಡಿಕೊಳ್ಳಬಹುದು. ತಂದೆತಾಯಿಯ ಸಹಿಯಿಲ್ಲದೆ ನೀವು ಪಾಸ್‌ಪೋರ್ಟ್ ಪಡೆಯಬಹುದು, ವಿಮಾನ ಹತ್ತಬಹುದು, ಬೇರೆ ದೇಶಕ್ಕೆ ಹೋಗಬಹುದು. ತಂದೆಯವರ ತಲೆಯಲ್ಲಿ 21 ಎಂಬ ಸಂಖ್ಯೆ ಕೂತಿರುವುದಕ್ಕೂ ಒಂದು ಹಿನ್ನೆಲೆಯಿದೆ: ಅವರ ಪೀಳಿಗೆ ಬೆಳೆಯುವಾಗ ಮತದಾನದ ವಯಸ್ಸು 21 ಇತ್ತು, ಅದು 18ಕ್ಕೆ ಇಳಿದದ್ದು 1989ರಲ್ಲಿ, ನ್ಯಾಯಾಲಯವು ಪೋಷಕರನ್ನು ನೇಮಿಸಿದ್ದ ಮಕ್ಕಳ ವಿಷಯದಲ್ಲಂತೂ 1999ರ ತಿದ್ದುಪಡಿಯವರೆಗೆ ಪ್ರಾಪ್ತವಯಸ್ಸು 21 ಎಂದೇ ಇತ್ತು. ಆದರೆ ಹಡಗಿನ 21ಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಸರ್ಕಾರದ ಕಾನೂನಲ್ಲ, ಕಂಪನಿ ತನ್ನ ಟಿಕೆಟ್ಟಿನ ಜೊತೆಗೆ ಕೊಡುವ ಪ್ರಯಾಣದ ಕರಾರಿನ ಷರತ್ತು. ನಾವ್ಯಾರೂ ಓದದೆ 'ಒಪ್ಪಿದ್ದೇನೆ' ಎಂದು ಒತ್ತುವ ಆ ಹತ್ತಾರು ಪುಟಗಳಲ್ಲಿ ಅದು ಇರುತ್ತದೆ, ಮತ್ತು ಅದನ್ನು ಪಾಲಿಸದವರನ್ನು ಬಂದರಿನಲ್ಲೇ ತಡೆದು ಹಣವನ್ನೂ ಹಿಂದಿರುಗಿಸದೆ ಕಳಿಸುವ ಹಕ್ಕನ್ನು ಕಂಪನಿ ಅದೇ ಕರಾರಿನಲ್ಲಿ ಇಟ್ಟುಕೊಂಡಿರುತ್ತದೆ.

21 ವರ್ಷದ ನಿಯಮ ಮುಖ್ಯವಾಗಿ ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳದ್ದು. ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿ ಮತ್ತು ಅದರ ಸೋದರ ಸಂಸ್ಥೆ ಸೆಲೆಬ್ರಿಟಿ, ಉತ್ತರ ಅಮೆರಿಕದಿಂದ ಹೊರಡುವ ಪ್ರವಾಸಗಳಲ್ಲಿ 21 ತುಂಬದವರಿಗೆ ಅವರಷ್ಟಕ್ಕೆ ಕ್ಯಾಬಿನ್, ಅಂದರೆ ಹಡಗಿನ ಕೋಣೆ, ಕೊಡುವುದಿಲ್ಲ; ಅದೇ ಕ್ಯಾಬಿನ್ನಿನಲ್ಲಿ 21 ತುಂಬಿದವರೊಬ್ಬರು ಇರಬೇಕು. ಅದೇ ಕಂಪನಿಯ ಹಡಗು ಯುರೋಪ್, ಏಷ್ಯಾ ಅಥವಾ ಆಸ್ಟ್ರೇಲಿಯಾದಿಂದ ಹೊರಟರೆ 18 ಸಾಕು. ಕಾರ್ನಿವಲ್ ಎಂಬ ಇನ್ನೊಂದು ಕಂಪನಿ ಇನ್ನೂ ಬಿಗಿ: ಅಮೆರಿಕದಿಂದ ಹೊರಡುವ ಅದರ ಹಡಗುಗಳಲ್ಲಿ 21ರೊಳಗಿನವರ ಜೊತೆಗೆ 25 ತುಂಬಿದ ಸಂಬಂಧಿಕರೋ ಪೋಷಕರೋ ಇರಬೇಕು. ಹಾಗಾಗಿ 'ರಾಯಲ್ ಕೆರಿಬಿಯನ್‌ನಲ್ಲಿ ವಯಸ್ಸು ಎಷ್ಟು' ಎಂದು ಕೇಳುವುದೇ ಅರ್ಧ ಪ್ರಶ್ನೆ. ಅಮೆರಿಕದ ಮಯಾಮಿಯಿಂದಲೋ ಸಿಂಗಪುರದಿಂದಲೋ ಎಂಬುದು ಅದರ ಉಳಿದರ್ಧ. ಅಂತರಜಾಲದಲ್ಲಿ ಹುಡುಕಿದಾಗ ಮೊದಲು ಸಿಗುವ ಬರಹಗಳೆಲ್ಲ ಅಮೆರಿಕದವರು ಅಮೆರಿಕದವರಿಗಾಗಿ ಬರೆದವು, ಆದ್ದರಿಂದ ತಂದೆಯವರ ಕಣ್ಣಿಗೆ 21 ಬಿದ್ದದ್ದು ಸಹಜ.

ಈ ವ್ಯತ್ಯಾಸದ ಮೂಲದಲ್ಲಿರುವುದು ಮದ್ಯ. ಅಮೆರಿಕದಲ್ಲಿ 1984ರ ಕಾಯ್ದೆಯೊಂದು 21ರೊಳಗಿನವರಿಗೆ ಮದ್ಯ ಕೊಳ್ಳಲು ಬಿಡುವ ರಾಜ್ಯಗಳ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕಿತು; ಅದರ ನಂತರ ಎಲ್ಲ ರಾಜ್ಯಗಳೂ 21ಕ್ಕೆ ಬಂದು ನಿಂತವು. ಅಲ್ಲಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಾಯಿಸಿದವು, ಸಮುದ್ರದ ನಡುವೆ ಅಮೆರಿಕದ ಮದ್ಯದ ಕಾನೂನು ಅವುಗಳನ್ನು ನೇರವಾಗಿ ಹಿಡಿಯುವುದೂ ಇಲ್ಲ. ಆದರೂ ಪ್ರಯಾಣಿಕರು ಅಲ್ಲಿಯವರು, ಏನಾದರೂ ಆದರೆ ದಾವೆ ಹೂಡುವುದೂ ಅಲ್ಲಿಯ ನ್ಯಾಯಾಲಯಗಳಲ್ಲೇ. ವಸಂತದ ರಜೆಯಲ್ಲಿ ಕಾಲೇಜು ಹುಡುಗರು ಗುಂಪು ಕಟ್ಟಿಕೊಂಡು ಬಂದು ಒಂದು ಕ್ಯಾಬಿನ್ನಿನಲ್ಲಿ ಕುಡಿದು ಗಲಾಟೆ ಮಾಡುವುದು ಕಂಪನಿಗಳಿಗೆ ತಲೆನೋವು. 21 ತುಂಬಿದವರೊಬ್ಬರನ್ನು ಆ ಕೋಣೆಗೆ ಹೊಣೆ ಮಾಡಿಬಿಟ್ಟರೆ ಆ ತಲೆನೋವಿನ ಬಹುಭಾಗ ಇಳಿಯುತ್ತದೆ. ನೀವು ಕುಡಿಯುವವರಲ್ಲ ಎಂದು ಬರೆದಿದ್ದೀರಿ. ನಿಮ್ಮ ಸ್ವಭಾವ ಎಷ್ಟೇ ಗಂಭೀರವಾಗಿರಲಿ, ಕಂಪನಿ ನೋಡುವುದು ಪಾಸ್‌ಪೋರ್ಟಿನ ಜನ್ಮದಿನಾಂಕವನ್ನು ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ ಇದು ಸ್ವಲ್ಪ ಒರಟು ನಿಯಮವೇ. ಆದರೆ ಅದರ ಜೊತೆ ವಾದಕ್ಕಿಳಿಯುವುದಕ್ಕಿಂತ, ಅದು ಅನ್ವಯಿಸದ ಬಂದರನ್ನು ಆರಿಸಿಕೊಳ್ಳುವುದು ಸುಲಭ.

ಪ್ರಶ್ನೆಯ ಕೊನೆಯಲ್ಲಿ, ಒಬ್ಬರೇ ಆಗದಿದ್ದರೆ ಹಾಸ್ಟೆಲ್ ಗೆಳತಿಯರ ಜೊತೆಗೆ ಹೋಗಬಹುದೇ ಎಂದೂ ಕೇಳಿದ್ದೀರಿ. 21ರ ನಿಯಮವಿರುವ ಪ್ರವಾಸದಲ್ಲಿ ಆ ಲೆಕ್ಕವನ್ನು ಇಡೀ ಗುಂಪಿಗೆ ಹಾಕುವುದಿಲ್ಲ, ಒಂದೊಂದು ಕ್ಯಾಬಿನ್ನಿಗೂ ಬೇರೆ ಬೇರೆಯಾಗಿ ಹಾಕುತ್ತಾರೆ. ನಾಲ್ವರಲ್ಲಿ ಒಬ್ಬರಿಗೆ ಮಾತ್ರ 21 ತುಂಬಿದ್ದು, ನೀವು ಎರಡು ಕ್ಯಾಬಿನ್ ತೆಗೆದುಕೊಂಡರೆ, ಎರಡನೆಯ ಕ್ಯಾಬಿನ್ನಿನವರು ಬಂದರಿನಲ್ಲಿ ಸಿಕ್ಕಿಬೀಳುತ್ತಾರೆ. ಮದುವೆಯಾದವರಿಗೆ ಈ ಕಂಪನಿಗಳು ವಿನಾಯಿತಿ ಕೊಡುತ್ತವೆ, ಆದರೆ ದಾಖಲೆ ತೋರಿಸಬೇಕು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಮಗ ಮತ್ತು ಸೊಸೆಯನ್ನು ಅಮೆರಿಕದಲ್ಲಿರುವ ನೆಂಟರ ಮನೆಗೆ ಕಳಿಸಿ, ಅಲ್ಲಿಂದ ಕಾರ್ನಿವಲ್ ಹಡಗು ಹತ್ತಿಸುವ ಯೋಜನೆಯೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಮಗನಿಗೆ 24, ಸೊಸೆಗೆ 20. ಗಂಡ ಜೊತೆಗಿದ್ದಾನಲ್ಲ ಎಂಬುದು ಅವರ ವಾದ. ಗಂಡನಿಗೆ 25 ತುಂಬಿಲ್ಲವಾದ್ದರಿಂದ ಅಲ್ಲಿ ಮದುವೆಯ ಪುರಾವೆಯೇ ಬೇಕು ಎಂದಾಗ, ಅವರು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಅರಿಶಿನ ಹಚ್ಚಿದ ಲಗ್ನಪತ್ರಿಕೆ. ನಾನು ಅದನ್ನು ಮಡಚಿ ಗೌರವದಿಂದಲೇ ಅವರ ಕೈಗೆ ಹಿಂದಿರುಗಿಸಿ, ಉಪನೋಂದಣಾಧಿಕಾರಿಗಳ ಕಚೇರಿಯಿಂದ ವಿವಾಹ ನೋಂದಣಿ ಪ್ರಮಾಣಪತ್ರ ಮಾಡಿಸಿ ತನ್ನಿ ಎಂದೆ. ಮಾಡಿಸಿ ತಂದರು, ಕೆಲಸವಾಯಿತು.

ವಯಸ್ಸನ್ನು ಲೆಕ್ಕ ಹಾಕುವುದು ಟಿಕೆಟ್ ತೆಗೆದ ದಿನಕ್ಕಲ್ಲ, ಹಡಗು ಹೊರಡುವ ದಿನಕ್ಕೆ. ಪ್ರವಾಸದ ಎರಡನೆಯ ದಿನ ನಿಮ್ಮ ಹುಟ್ಟುಹಬ್ಬವಿದ್ದರೂ, ಹತ್ತುವ ದಿನಕ್ಕೆ ಒಂದು ದಿನ ಕಡಿಮೆಯಿದ್ದರೆ ಕಡಿಮೆಯೇ. ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಅಂಟಿಕೊಂಡಿದೆ. ಹಳ್ಳಿಯ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಜನ್ಮದಿನಾಂಕ ಅಂಕಪಟ್ಟಿಯಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಇರುವವರು ಇಂದಿಗೂ ಸಿಗುತ್ತಾರೆ. ಹಡಗಿನವರಿಗೆ ಪಾಸ್‌ಪೋರ್ಟಿನಲ್ಲಿರುವುದೇ ಅಂತಿಮ. ಹೆಸರೂ ಅಷ್ಟೇ: ಇನಿಷಿಯಲ್ ಇಟ್ಟುಕೊಂಡು ಬರೆಯುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುವಂತೆಯೇ ಟಿಕೆಟ್ಟಿನಲ್ಲೂ ಇರಬೇಕು.

ಒಂದು ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. 21ರೊಳಗಿನವರಿಗೆ ಬುಕಿಂಗ್ ತೆರೆದುಕೊಳ್ಳದಿದ್ದಾಗ, 'ಕ್ಯಾಬಿನ್ನಿಗೆ ನಿಮ್ಮ ಚಿಕ್ಕಪ್ಪನ ಹೆಸರು ಸೇರಿಸಿಬಿಡೋಣ, ಅವರು ಬರದಿದ್ದರೆ ಯಾರು ಕೇಳುತ್ತಾರೆ' ಎನ್ನುವ ಏಜೆಂಟರು ಇದ್ದಾರೆ. ಕೇಳುತ್ತಾರೆ. ಬಂದರಿನ ಕೌಂಟರಿನಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ತೆರೆದು ಫೋಟೋ ತೆಗೆದುಕೊಳ್ಳುತ್ತಾರೆ, ಹತ್ತದವರ ಹೆಸರು ಪಟ್ಟಿಯಿಂದ ಹೊರಗೆ ಬೀಳುತ್ತದೆ. ಜೊತೆಗಾರರಿಲ್ಲದ 19ರ ಪ್ರಯಾಣಿಕರು ಆ ಕ್ಷಣಕ್ಕೆ ನಿಯಮ ಮುರಿದವರಾಗುತ್ತಾರೆ. ಆಗ ಹೋಗುವುದು ನಿಮ್ಮ ಹಣ, ಆ ಏಜೆಂಟರ ಕಮಿಷನ್ ಅಲ್ಲ. ಇಂಥ ಸಲಹೆ ಯಾರಾದರೂ ಕೊಟ್ಟರೆ ಅವರ ಬಳಿ ಬೇರೆ ಯಾವ ಟಿಕೆಟ್ಟನ್ನೂ ತೆಗೆಸಬೇಡಿ.

ಹಾಗಾದರೆ 19ಕ್ಕೆ ಎಲ್ಲಿಂದ ಹೊರಡುವುದು? ವಿದೇಶದ ಹಡಗೇ ಬೇಕೆಂದರೆ ನನ್ನ ಆಯ್ಕೆ ಸಿಂಗಪುರ. ಬೆಂಗಳೂರಿನಿಂದ ನೇರ ವಿಮಾನವಿದೆ, ರಾಯಲ್ ಕೆರಿಬಿಯನ್‌ನ ಏಷ್ಯಾ ನಿಯಮದಂತೆ 18 ತುಂಬಿದವರು ಒಬ್ಬರೇ ಕ್ಯಾಬಿನ್ ತೆಗೆದುಕೊಳ್ಳಬಹುದು, ಮೂರು ನಾಲ್ಕು ರಾತ್ರಿಗಳ ಸಣ್ಣ ಪ್ರವಾಸಗಳು ಅಲ್ಲಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆಗೆ ಹೋಗಿಬರುತ್ತವೆ. ಇಲ್ಲಿ ವಯಸ್ಸಿಗಿಂತ ವೀಸಾ ಮುಖ್ಯ. ಹಡಗು ಬೇರೆ ದೇಶದ ಬಂದರನ್ನು ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವುದರಿಂದ ನೀವು ಸಿಂಗಪುರವನ್ನು ಎರಡು ಸಲ ಪ್ರವೇಶಿಸಿದಂತೆ. ಆದ್ದರಿಂದ ಒಂದೇ ಪ್ರವೇಶದ ವೀಸಾ ಸಾಲದು. ದಾರಿಯಲ್ಲಿ ಸಿಗುವ ದೇಶದ ವೀಸಾ ನಿಯಮವನ್ನೂ ಆಗಲೇ ನೋಡಿಕೊಳ್ಳಬೇಕು, ಅಲ್ಲಿ ಇಳಿಯುವ ಮನಸ್ಸು ಇರಲಿ ಬಿಡಲಿ. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ನಮ್ಮೂರಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಅರ್ಜಿಯ ಕೆಲಸ ಆಗುತ್ತದೆ. ಹಾಸ್ಟೆಲ್ ವಿಳಾಸ ಕೊಡುವುದಾದರೆ ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ, ಏಕೆಂದರೆ ಪೊಲೀಸ್ ಪರಿಶೀಲನೆ ಬರುವುದು ಆ ವಿಳಾಸಕ್ಕೆ.

18 ತುಂಬಿದ ಹೆಣ್ಣುಮಗಳು ಒಬ್ಬಳೇ ಹೊರಟರೆ ತಂದೆಯ ಒಪ್ಪಿಗೆ ಪತ್ರ ಬೇಕೇ ಎಂದು ವಿಶೇಷವಾಗಿ ಕೇಳಿದ್ದೀರಿ. ಕಾನೂನಿನಂತೆ ಬೇಡ; ಆ ಪತ್ರದ ಮಾತು ಬರುವುದು 18 ತುಂಬದವರು ತಂದೆತಾಯಿಯಲ್ಲದವರ ಜೊತೆ ಹೊರಟಾಗ. ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ ಎಲ್ಲಿಗೆ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ ಎಂದು ಕೇಳಬಹುದು. ಹಿಂದಿರುಗುವ ಟಿಕೆಟ್, ಹಡಗಿನ ಬುಕಿಂಗ್ ಮತ್ತು ಹಿಂದಿನ ರಾತ್ರಿ ಉಳಿಯುವ ಹೋಟೆಲ್ಲಿನ ರಸೀದಿಯನ್ನು ಕಾಗದದಲ್ಲಿ ಅಚ್ಚು ಹಾಕಿಸಿಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ.

ದೇಶದೊಳಗೇ ಸಾಕು ಎನ್ನುವುದಾದರೆ 2021ರಿಂದ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು ಮುಂಬೈ ಮೊದಲಾದ ಬಂದರುಗಳಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಓಡಾಡುತ್ತಿದೆ. ಹಿಂದೆ ರಾಯಲ್ ಕೆರಿಬಿಯನ್‌ನಲ್ಲಿದ್ದ ಹಳೆಯ ಹಡಗೇ ಅದು. ದೇಶದೊಳಗಿನ ಪ್ರವಾಸಕ್ಕೆ ಪಾಸ್‌ಪೋರ್ಟ್ ಕಡ್ಡಾಯವಲ್ಲ, ಆಧಾರ್‌ನಂಥ ಸರ್ಕಾರಿ ಗುರುತಿನ ಚೀಟಿ ನಡೆಯುತ್ತದೆ. ವಯಸ್ಸಿನ ಷರತ್ತನ್ನು ಮಾತ್ರ ಆಯಾ ಪ್ರವಾಸದ ಕರಾರಿನಲ್ಲೇ ಓದಿಕೊಳ್ಳಿ, ಕಾಲ್ ಸೆಂಟರಿನ ಬಾಯಿಮಾತನ್ನು ನಂಬಿ ಹಣ ಕಟ್ಟಬೇಡಿ.

ಖರ್ಚಿನ ವಿಷಯದಲ್ಲಿ ಯಾರೂ ಮೊದಲೇ ಹೇಳದ ಒಂದು ಸಂಗತಿಯಿದೆ. ಜಾಹೀರಾತಿನಲ್ಲಿ ಕಾಣುವ ದರ, ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದಲ್ಲಿ ತಲಾ ಒಬ್ಬರಿಗೆ ಹಾಕಿದ್ದು. ಒಬ್ಬರೇ ಹೋದರೆ ಖಾಲಿ ಹಾಸಿಗೆಯ ಹಣವನ್ನೂ ನೀವೇ ಕಟ್ಟಬೇಕಾಗುತ್ತದೆ, ಹಲವು ಕಡೆ ಅದು ಸರಿಯಾಗಿ ದುಪ್ಪಟ್ಟು. ನಾರ್ವೀಜಿಯನ್ ಕಂಪನಿ 2010ರಲ್ಲಿ ತನ್ನ ಎಪಿಕ್ ಹಡಗಿನಲ್ಲಿ ಸುಮಾರು ನೂರು ಚದರ ಅಡಿಯ ಒಂಟಿ ಪ್ರಯಾಣಿಕರ ಕೋಣೆಗಳನ್ನು ತಂದಿತು, ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು; ಆದರೆ ಅಂಥ ಕೋಣೆಗಳು ಇರುವುದೇ ಕೆಲವು, ಬೇಗ ಮುಗಿದುಹೋಗುತ್ತವೆ. ಆದ್ದರಿಂದ ಇಪ್ಪತ್ತು ಸಾವಿರ ಎಂದು ಕಂಡದ್ದು ನಿಮ್ಮ ಪಾಲಿಗೆ ನಲವತ್ತು ಸಾವಿರವಾಗಬಹುದು ಎಂದು ಮನಸ್ಸಿನಲ್ಲಿಟ್ಟುಕೊಂಡೇ ಮನೆಯಲ್ಲಿ ಮಾತಾಡಿ.

ಹಡಗಿನೊಳಗೆ ನಗದು ಓಡುವುದಿಲ್ಲ, ಕೋಣೆಯ ಕೀಲಿಯ ಕಾರ್ಡಿಗೇ ಎಲ್ಲ ಖರ್ಚು ಬರೆಯುತ್ತಾರೆ. ಅದಕ್ಕೆ ನಿಮ್ಮ ಬ್ಯಾಂಕ್ ಕಾರ್ಡನ್ನು ಜೋಡಿಸುವಾಗ ಡೆಬಿಟ್ ಕಾರ್ಡ್ ಕೊಟ್ಟರೆ, ಖರ್ಚಿಗಿಂತ ಹೆಚ್ಚಿನ ಮೊತ್ತವನ್ನು ಕೆಲವು ದಿನ ತಡೆಹಿಡಿಯುವುದುಂಟು. ವಿದ್ಯಾರ್ಥಿಯ ಖಾತೆಯಲ್ಲಿ ಇರುವಷ್ಟೂ ಹಾಗೆ ಸಿಕ್ಕಿಕೊಂಡರೆ ದಡಕ್ಕಿಳಿದಾಗ ಚಹಾ ಕುಡಿಯಲೂ ಕಾಸಿರುವುದಿಲ್ಲ. ಹಡಗಿನ ಕೌಂಟರಿನಲ್ಲಿ ಸ್ವಲ್ಪ ನಗದನ್ನು ಠೇವಣಿ ಇಡಲು ಅವಕಾಶವಿದೆಯೇ ಎಂದು ಕೇಳಿಕೊಳ್ಳಿ, ಕಡೇಪಕ್ಷ ಬೇರೆ ಖಾತೆಯ ಕಾರ್ಡೊಂದು ಕೈಯಲ್ಲಿರಲಿ.

ಹಣ ಕಟ್ಟುವ ಮೊದಲು ಕಂಪನಿಗೆ ನೀವೇ ಒಂದು ಇಮೇಲ್ ಬರೆಯಿರಿ, ಏಜೆಂಟರ ಮೂಲಕ ಬೇಡ. ಅದರಲ್ಲಿ ಹಡಗಿನ ಹೆಸರು, ಹೊರಡುವ ಬಂದರು ಮತ್ತು ದಿನಾಂಕ, ಪಾಸ್‌ಪೋರ್ಟಿನಲ್ಲಿರುವ ನಿಮ್ಮ ಜನ್ಮದಿನಾಂಕ, ಕ್ಯಾಬಿನ್ನಿನಲ್ಲಿ ಬೇರೆ ಯಾರೂ ಇರುವುದಿಲ್ಲ ಎಂಬುದು, ಇಷ್ಟನ್ನೂ ಸ್ಪಷ್ಟವಾಗಿ ಬರೆದು, ಈ ಬುಕಿಂಗಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿ. ಬಂದ ಉತ್ತರದ ಒಂದು ಪ್ರತಿಯನ್ನು ತಂದೆಯವರಿಗೂ ಓದಲು ಕೊಡಿ, ಇನ್ನೊಂದನ್ನು ಪಾಸ್‌ಪೋರ್ಟಿನ ಜೊತೆಗೆ ಇಟ್ಟುಕೊಂಡು ಬಂದರಿನವರೆಗೂ ಒಯ್ಯಿರಿ.