ರಾಜ್ಯಲಕ್ಷ್ಮಮ್ಮ ಹೊತ್ತ ನೀರು

ಪ್ರಶ್ನೆ: ಮಗಳು ಕಾಲೇಜಿನಲ್ಲಿ ತೆಲುಗಿನ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಬಗ್ಗೆ ಮಾತಾಡಬೇಕಂತೆ. ವಿಧವೆಯರ ಮದುವೆಗೆ 1856ರಲ್ಲೇ ಕಾನೂನು ಬಂದಿತ್ತಲ್ಲ, ಮತ್ತೆ ಇವರು ಮಾಡಿದ್ದಾದರೂ ಏನು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕಾನೂನು ಬಂದಿತ್ತು, ನಿಜ. ಆದರೆ ಮದುವೆಗೆ ಪುರೋಹಿತರು ಬೇಕು, ಅಡುಗೆಯವರು ಬೇಕು, ಮದುವೆಯಾದ ಜೋಡಿಯನ್ನು ಊರೊಳಗೆ ಇರಗೊಡುವ ಜನ ಬೇಕು. ಅದನ್ನೆಲ್ಲ ಕಾನೂನು ತಂದುಕೊಡುತ್ತದಾ? ಆಂಧ್ರದ ರಾಜಮಹೇಂದ್ರಿಯಲ್ಲಿ ವೀರೇಶಲಿಂಗಂ ಮೊದಲ ವಿಧವಾ ವಿವಾಹ ಮಾಡಿಸಿದ್ದು 1881ರ ಡಿಸೆಂಬರ್ 11ರಂದು. ಅಂದರೆ ಕಾನೂನು ಬಂದು 25 ವರ್ಷ ಆದಮೇಲೆ.

ಮದುಮಗಳ ಹೆಸರು ಗೌರಮ್ಮ. ಇನ್ನೂ ಚಿಕ್ಕ ಹುಡುಗಿ.

ಆ ಮದುವೆಗೆ ಊರು ಸುಮ್ನೆ ಕೂರಲಿಲ್ಲ, ಬಹಿಷ್ಕಾರ ಹಾಕಿತು. ಮನೆಯ ಅಡುಗೆಯವರು ಬಿಟ್ಟು ಹೋದರು, ನೀರು ತರುವವರೂ ನಿಂತರು. ಆಗ ವೀರೇಶಲಿಂಗಂ ಅವರ ಹೆಂಡತಿ ರಾಜ್ಯಲಕ್ಷ್ಮಮ್ಮ ತಾವೇ ಗೋದಾವರಿಗೆ ಹೋಗಿ ನೀರು ಹೊತ್ತು ತಂದರು, ಬಂದವರಿಗೆಲ್ಲ ತಾವೇ ಅಡುಗೆ ಮಾಡಿ ಬಡಿಸಿದರು. ಹೊಳೆಯಿಂದ ತುಂಬಿದ ಬಿಂದಿಗೆ ಹೊತ್ತು ದಿಣ್ಣೆ ಹತ್ತಿದವರಿಗೆ ಆ ಭಾರ ಏನೆಂದು ಗೊತ್ತು, ಅದರಲ್ಲೂ ನೋಡುತ್ತಾ ನಿಂತ ಜನ ಒಬ್ಬರೂ ಮಾತಾಡಿಸದೇ ಇದ್ದರೆ ಇನ್ನೂ ಜಾಸ್ತಿ. ನನ್ನ ಮಟ್ಟಿಗೆ ಅವರ ಸುಧಾರಣೆಯಲ್ಲಿ ಅರ್ಧ ಭಾಗ ಈ ಹೆಂಗಸಿನದು. ದುಡ್ಡಿನ ನೆರವು ಕೊಟ್ಟವರು ಕಾಕಿನಾಡದ ಪೈಡಾ ರಾಮಕೃಷ್ಣಯ್ಯ.

ಇದಕ್ಕೂ ಮೊದಲೇ, 1874ರಲ್ಲಿ, ವೀರೇಶಲಿಂಗಂ 'ವಿವೇಕವರ್ಧನಿ' ಪತ್ರಿಕೆ ಶುರು ಮಾಡಿದ್ದರು. ಅದೇ ವರ್ಷ ಧವಳೇಶ್ವರದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಆಮೇಲೆ ಹೆಂಗಸರಿಗೆಂದೇ 'ಸತೀಹಿತಬೋಧಿನಿ' ಅಂತ ಇನ್ನೊಂದು ಪತ್ರಿಕೆ. ಹುಟ್ಟಿದ್ದು 1848, ತೀರಿಕೊಂಡಿದ್ದು 1919.

ಕೊಡವರಲ್ಲಿ ವಿಧವೆಯ ಮರುಮದುವೆ ಹಿಂದಿನಿಂದಲೂ ಇದೆ, ಅದಕ್ಕೇ ಇದೇನು ಮಹಾ ಅಂತ ನಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಕೊಡಗಿನ ಎಲ್ಲ ಮನೆಗಳೂ ಹಾಗಿರಲಿಲ್ಲ. ನಮ್ಮ ಅಜ್ಜಿಯ ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಯಾರದೇ ಮದುವೆ ಇರಲಿ, ಅಕ್ಷತೆ ಹಾಕಿ ಮುಗಿಯುವವರೆಗೂ ಅಡುಗೆಮನೆ ಬಾಗಿಲ ಹಿಂದೆಯೇ ನಿಂತಿರುತ್ತಿದ್ದರು, ಕೈಯಲ್ಲಿ ಒಂದು ಮಸಿಬಟ್ಟೆ ಹಿಡಿದು. ಬನ್ನಿ ಅಂತ ಯಾರೂ ಕರೆದಿದ್ದನ್ನು ನಾನು ನೋಡಲಿಲ್ಲ, ನಾನೂ ಕರೆಯಲಿಲ್ಲ. ಈಗಲೂ ಅದು ನೆನಪಾದರೆ ಸಂಕಟ ಆಗುತ್ತದೆ.

ಮಡಿಕೇರಿಯಲ್ಲಿ ಹುಟ್ಟಿ ಸುಂಟಿಕೊಪ್ಪದ ತೋಟದ ಮನೆಯಲ್ಲಿ ಬಾಳಿದ ಕೊಡಗಿನ ಗೌರಮ್ಮ ತಮ್ಮ ಕಥೆಗಳಲ್ಲಿ ಬರೆದಿದ್ದು ಇಂಥ ಹೆಂಗಸರ ಪಾಡನ್ನೇ. 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ಅವರ ಒಂದೆರಡು ಕಥೆಗಳನ್ನು ಮಗಳು ಮೊದಲು ಓದಲಿ. ಆಮೇಲೆ ವೀರೇಶಲಿಂಗಂ ಬಗ್ಗೆ ಮಾತಾಡಲು ನಿಂತಾಗ ಹುಟ್ಟಿದ ವರ್ಷದಿಂದ ಶುರು ಮಾಡೋದು ಬೇಡ, ಗೋದಾವರಿಯ ಆ ನೀರಿನಿಂದ ಶುರು ಮಾಡಲಿ. ರಾಜ್ಯಲಕ್ಷ್ಮಮ್ಮನ ಹೆಸರು ಬಿಟ್ಟುಹೋಗದ ಹಾಗೆ ನೀವು ಒಂದು ಸಲ ನೋಡಿಕೊಡಿ.