ಸಿಮ್ಯುಲೇಶನ್‌ನಲ್ಲಿ ಇಂಧನ ಉಳಿಯಿತು, ನಂಬಬಹುದಾ?

ಪ್ರಶ್ನೆ: ಹೈಬ್ರಿಡ್ ಕಾರಿಗೆ ಪ್ಲಾನೆಟರಿ ಗೇರ್ (ನಡುವೆ ಸನ್ ಗೇರ್, ಅದರ ಸುತ್ತ ಚಿಕ್ಕ ಗೇರ್‌ಗಳು, ಹೊರಗೆ ರಿಂಗ್ ಗೇರ್) ಇರುವ ಟ್ರಾನ್ಸ್‌ಮಿಷನ್ ವಿನ್ಯಾಸ ಮಾಡುತ್ತಿದ್ದೇವೆ. ಎರಡು ಗೇರ್ ಅನುಪಾತಗಳನ್ನು ಸಿಮ್ಯುಲೇಶನ್‌ನಲ್ಲಿ ಓಡಿಸಿ ನೋಡಿದೆವು. ಎರಡನೆಯದರಲ್ಲಿ ಪೆಟ್ರೋಲ್ ಶೇ 4ರಷ್ಟು ಉಳಿಯಿತು. ಅದನ್ನೇ ಆರಿಸಿಕೊಳ್ಳೋಣವೇ? ಗೇರ್ ಹಲ್ಲು, ಶಾಫ್ಟ್ ಎಲ್ಲವನ್ನೂ ಮಾಡೆಲ್‌ಗೆ ಸೇರಿಸಿದರೆ ಉತ್ತರ ಇನ್ನೂ ನಿಖರವಾಗುತ್ತದೆಯೇ?

ಉತ್ತರ: ಈಗಲೇ ಆರಿಸಬೇಡಿ. ಓಟದ ಶುರುವಿನಲ್ಲಿ ಬ್ಯಾಟರಿ ಚಾರ್ಜ್ ಎಷ್ಟಿತ್ತು, ಕೊನೆಗೆ ಎಷ್ಟಿತ್ತು ಅಂತ ನೋಡಿ. ನಿಮ್ಮದು 1.3 ಕಿಲೋವ್ಯಾಟ್ ಅವರ್ ಬ್ಯಾಟರಿ ಎಂದಿಟ್ಟುಕೊಳ್ಳಿ. ಚಾರ್ಜ್ ಶೇ 60ರಿಂದ 50ಕ್ಕೆ ಇಳಿದರೆ 0.13 ಯೂನಿಟ್ ವಿದ್ಯುತ್ ಖರ್ಚಾಗಿದೆ. ಅದನ್ನು ಎಂಜಿನ್‌ನಿಂದ ಮತ್ತೆ ತುಂಬಿಸಲು ಸುಮಾರು 40 ಮಿಲಿಲೀಟರ್ ಪೆಟ್ರೋಲ್ ಬೇಕು. ಇಂಧನ ಬಳಕೆ ಅಳೆಯಲು ಬಳಸುವ ನಿಗದಿತ ಓಟವಾದ ಡಬ್ಲ್ಯುಎಲ್‌ಟಿಪಿ ಸೈಕಲ್ 1,800 ಸೆಕೆಂಡಿನದು, ದೂರ ಸುಮಾರು 23 ಕಿ.ಮೀ. ಚಿಕ್ಕ ಹೈಬ್ರಿಡ್ ಕಾರಿಗೆ ಅಷ್ಟಕ್ಕೆ ಒಂದು ಲೀಟರ್ ಆಸುಪಾಸು ಸಾಕು. ನಿಮ್ಮ ಶೇ 4 ಅಲ್ಲೇ ಕರಗಿತು ಅಲ್ವಾ? ಎರಡೂ ಓಟಗಳಲ್ಲಿ ಶುರು ಮತ್ತು ಕೊನೆಯ ಚಾರ್ಜ್ ಸಮ ಆಗುವಂತೆ ಮಾಡಿ, ಆಮೇಲೆ ಹೋಲಿಸಿ.

ಇದಕ್ಕಿಂತ ಜಾಸ್ತಿ ಜನ ಎಡವುವುದು ಕಂಟ್ರೋಲ್ ತರ್ಕದಲ್ಲಿ. ಎಂಜಿನ್ ಯಾವಾಗ ಆನ್ ಆಗಬೇಕು, ಮೋಟಾರು ಎಷ್ಟು ಹೊರಬೇಕು ಎಂಬ ನಿಯಮಗಳನ್ನು ಒಂದು ಅನುಪಾತಕ್ಕೆ ಹೊಂದಿಸಿ, ಇನ್ನೊಂದಕ್ಕೂ ಅದನ್ನೇ ಹಾಕಿದರೆ ನೀವು ಗೇರ್‌ಗಳನ್ನು ಹೋಲಿಸುತ್ತಿಲ್ಲ, ಟ್ಯೂನಿಂಗ್ ಹೋಲಿಸುತ್ತಿದ್ದೀರಿ. ಡೈನಾಮಿಕ್ ಪ್ರೋಗ್ರಾಮಿಂಗ್ (ಇಡೀ ಓಟಕ್ಕೆ ಅತಿ ಕಡಿಮೆ ಇಂಧನ ಬೇಡುವ ನಿರ್ಧಾರಗಳನ್ನು ಹುಡುಕುವ ಲೆಕ್ಕದ ವಿಧಾನ) ಬಳಸಿ ಪ್ರತಿ ವಿನ್ಯಾಸಕ್ಕೂ ಸಾಧ್ಯವಿರುವ ಅತ್ಯುತ್ತಮ ಅಂಕಿ ತೆಗೆಯಿರಿ. ಅದಕ್ಕೆ ಮುಂದಿನ ದಾರಿಯೆಲ್ಲ ಮೊದಲೇ ಗೊತ್ತಿರಬೇಕು, ಹಾಗಾಗಿ ನಿಜವಾದ ಕಾರಿನಲ್ಲಿ ಓಡಿಸಲಾಗದು. ಹೋಲಿಕೆಗೆ ಮಾತ್ರ ಅದರಷ್ಟು ನ್ಯಾಯವಾದ ಅಳತೆ ಇನ್ನೊಂದಿಲ್ಲ.

ಮಾಡೆಲ್ ಸರಿಯಿದೆಯೇ ಎಂದು ಕೈಲೆಕ್ಕದಲ್ಲೇ ಪರೀಕ್ಷಿಸಬಹುದು. ಟೊಯೋಟಾ ಪ್ರಿಯಸ್‌ನ ಮೊದಲ ತಲೆಮಾರುಗಳಲ್ಲಿ ಸನ್ ಗೇರ್‌ಗೆ 30 ಹಲ್ಲು, ರಿಂಗ್ ಗೇರ್‌ಗೆ 78. ಎಂಜಿನ್ ಕ್ಯಾರಿಯರ್‌ಗೆ, ಅಂದರೆ ಚಿಕ್ಕ ಗೇರ್‌ಗಳನ್ನು ಹಿಡಿದಿರುವ ಚೌಕಟ್ಟಿಗೆ ಜೋಡಣೆಯಾಗಿದೆ; ಜನರೇಟರ್ ಸನ್‌ಗೆ, ಚಕ್ರಗಳು ರಿಂಗ್‌ಗೆ. ಕಾರು ನಿಂತಿದ್ದು ಎಂಜಿನ್ 1,000 ಆರ್‌ಪಿಎಂನಲ್ಲಿ ತಿರುಗಿದರೆ ಸನ್ ಗೇರ್ 3,600 ತಿರುಗಲೇಬೇಕು. ಎಂಜಿನ್ ಟಾರ್ಕ್‌ನಲ್ಲಿ (ತಿರುಗಿಸುವ ಬಲದಲ್ಲಿ) ಸುಮಾರು ಶೇ 72 ರಿಂಗ್‌ಗೆ, ಉಳಿದದ್ದು ಸನ್‌ಗೆ. ವೇಗ ಸ್ಥಿರವಾಗಿದ್ದಾಗಲೂ ನಿಮ್ಮ ಸಾಫ್ಟ್‌ವೇರ್ ಬೇರೆ ಅಂಕಿ ಕೊಟ್ಟರೆ ಎಲ್ಲೋ ಚಿಹ್ನೆ ತಪ್ಪಿದೆ, ಇಲ್ಲವೇ ಜೋಡಣೆ ತಪ್ಪಿದೆ. ನಿಮ್ಮ ಹಲ್ಲುಗಳ ಲೆಕ್ಕ ಹಾಕಿ ಜನರೇಟರ್ ತನ್ನ ವೇಗದ ಮಿತಿ ದಾಟುತ್ತದೆಯೇ ಎಂದೂ ನೋಡಿಬಿಡಿ.

ಇನ್ನು ವಿವರದ ವಿಚಾರ. ಇಂಧನದ ಲೆಕ್ಕಕ್ಕೆ ಗೇರ್ ಹಲ್ಲಿನ ಮಾಡೆಲ್ ಬೇಡ. ಓಟ ನಿಧಾನವಾಗುತ್ತದೆ, ಅಷ್ಟೇ. ಎಂಜಿನ್ ಸ್ಟಾರ್ಟ್ ಆಗುವಾಗ ಕಾರು ಜರ್ಕ್ ಹೊಡೆಯುತ್ತದೆಯೇ, ಕ್ಲಚ್ ಲಾಕ್ ಆಗುವಾಗ ಶಾಫ್ಟ್ ಎಷ್ಟು ತಿರುಚುತ್ತದೆ ಎಂಬ ಪ್ರಶ್ನೆಗಳಿಗೆ ಅದು ಬೇಕು. ಅದಕ್ಕೊಂದು ಬೇರೆ ಮಾಡೆಲ್ ಇಟ್ಟುಕೊಳ್ಳಿ. ಇಂಧನದ ಮಾಡೆಲ್‌ನಲ್ಲಿ ಆ ಶ್ರಮವನ್ನು ಎಣ್ಣೆಯ ಮೇಲೆ ಹಾಕಿ. ತಣ್ಣಗಿರುವ ಗೇರ್ ಎಣ್ಣೆ ದಪ್ಪಗಿರುತ್ತದೆ, ಎಳೆತ ಜಾಸ್ತಿ. ಬಿಸಿ ಎಣ್ಣೆಯಲ್ಲಿ ಅಳೆದ ನಷ್ಟದ ಮ್ಯಾಪ್ (ವೇಗ, ಟಾರ್ಕ್‌ಗೆ ತಕ್ಕಂತೆ ಎಷ್ಟು ನಷ್ಟ ಎಂಬ ಪಟ್ಟಿ) ಒಂದನ್ನೇ ಕೊಟ್ಟರೆ ಮೊದಲ ಕೆಲವು ಕಿಲೋಮೀಟರ್‌ಗಳ ಅಂಕಿ ಸುಮ್ನೆ ಚೆನ್ನಾಗಿ ಕಾಣುತ್ತದೆ. ಎರಡು ಮೂರು ತಾಪಮಾನಗಳಲ್ಲಿ ಟೆಸ್ಟ್ ಬೆಂಚ್ ಮೇಲೆ ಅಳೆದು ಹಾಕಿ, ಆಮೇಲೆ ಎರಡೂ ಅನುಪಾತಗಳನ್ನು ಮತ್ತೊಮ್ಮೆ ಓಡಿಸಿ.